ಸಾಹೇಬರ ಮೇಜು, ಐನ್‌ಮನೆಯ ಒಲೆ

(ಮಡಿಕೇರಿಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊಟದ ಹೊತ್ತಿಗೆ ಮುಂಚೆ ಊಟದ ಬಗ್ಗೆಯೇ ಮಾತನಾಡಿ ಎಂದು ಹೇಳುವುದು ಭಾಷಣಕಾರನಿಗೆ ಮಾಡುವ ಅನ್ಯಾಯ. ಪಕ್ಕದ ಕೋಣೆಯಿಂದ ಒಗ್ಗರಣೆಯ ವಾಸನೆ ಬರುತ್ತಿರುವಾಗ ನನ್ನ ಮಾತಿಗೆ ಯಾರು ಕಿವಿಗೊಡುತ್ತಾರೆ? ಆದ್ದರಿಂದ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಇವತ್ತು ಕೊಡಗಿನ ಯಾವುದಾದರೂ ಹಳೆಯ ಎಸ್ಟೇಟ್ ಬಂಗಲೆಗೆ ಊಟಕ್ಕೆ ಹೋಗಿ. ಬೀಟೆಯ ಉದ್ದನೆಯ ಮೇಜು, ಗೋಡೆಯ ಮೇಲೆ ಕಡವೆಯ ಕೊಂಬು, ಬಳಕೆ ತಪ್ಪಿದ ಅಗ್ಗಿಷ್ಟಿಕೆ. ಮೇಜಿನ ಮೇಲೆ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಜೊತೆಗೆ ಕಡಂಬುಟ್ಟು ಎಂಬ ಅಕ್ಕಿಯ ಉಂಡೆ. ಕೊನೆಯಲ್ಲಿ ಕ್ಯಾರಮೆಲ್ ಕಸ್ಟರ್ಡ್. ಬೆಂಗಳೂರಿನಿಂದ ಬಂದವರು ಫೋಟೋ ತೆಗೆದುಕೊಂಡು, ಬ್ರಿಟಿಷರ ಕಾಲದ ಊಟ ಮಾಡಿದೆವು ಎಂದು ಹೇಳಿಕೊಂಡು ಹೋಗುತ್ತಾರೆ. ಮನೆ ಹಳೆಯದು, ನಿಜ. ಪಂದಿ ಕರಿ ಹಳೆಯದು, ಕಸ್ಟರ್ಡ್ ಕೂಡ ಹಳೆಯದೇ. ಆದರೆ ಇವೆರಡೂ ಒಂದೇ ಮೇಜಿನ ಮೇಲೆ ಬಂದು ಕುಳಿತದ್ದು ತೀರ ಈಚೆಗೆ. ಪಾರಂಪರಿಕ ಊಟ ಎಂದು ನಾವು ಕರೆಯುವುದು ಒಂದು ಹೊಸ ನೆಂಟಸ್ತನ. ಆ ನೆಂಟಸ್ತನ ಹೇಗೆ ಕುದುರಿತು, ಅದರಲ್ಲಿ ಯಾರ ಪಾಲೆಷ್ಟು ಎಂಬುದಷ್ಟೇ ಇವತ್ತಿನ ನನ್ನ ಮಾತು.

ಮೊದಲು ಸ್ವಲ್ಪ ಹೊರಗಿನ ಲೋಕ ನೋಡೋಣ. ಹಳ್ಳಿಗಾಡಿನ ಇನ್, ಅಂದರೆ ದಾರಿಹೋಕರಿಗೆ ಊಟ-ವಸತಿ ಕೊಡುವ ಮನೆ, ಎಂಬ ಸಂಸ್ಥೆ ಇಂಗ್ಲೆಂಡಿನಲ್ಲಿ ಬೆಳೆದದ್ದು ರಸ್ತೆಯ ಕೂಸಾಗಿ. ಕುದುರೆಗಾಡಿ ಇಷ್ಟು ದೂರ ಓಡಿದ ಮೇಲೆ ಕುದುರೆ ಬದಲಿಸಲೇಬೇಕು. ಬದಲಿಸುವಾಗ ಮನುಷ್ಯರಿಗೂ ಹಸಿವಾಗುತ್ತದೆ. 1784ರಲ್ಲಿ ಅಂಚೆ ಹೊತ್ತ ಕುದುರೆಗಾಡಿಗಳು ಬ್ರಿಸ್ಟಲ್‌ಗೂ ಲಂಡನ್ನಿಗೂ ನಡುವೆ ಓಡಲು ಶುರುವಾದ ಮೇಲೆ ಈ ಇನ್‌ಗಳ ಅದೃಷ್ಟ ಖುಲಾಯಿಸಿತು. ಗಾಡಿ ಒಳಗೆ ಬರುವಷ್ಟು ಎತ್ತರದ ಹೆಬ್ಬಾಗಿಲು, ಒಳಗೆ ಅಂಗಳ, ಸುತ್ತ ಮೊಗಸಾಲೆ. ಲಂಡನ್ನಿನ ಸದರ್ಕ್‌ನಲ್ಲಿರುವ ಜಾರ್ಜ್ ಇನ್ 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು; ಅದರ ಮರದ ಮೊಗಸಾಲೆ ಒಂದು ಬದಿಯಲ್ಲಿ ಇನ್ನೂ ಉಳಿದಿದೆ. ಆ ದೇಶದ ಕಾನೂನಿನಲ್ಲಿ ಒಂದು ಸೊಗಸಾದ ಕಟ್ಟಳೆ ಇತ್ತು: ಜಾಗವಿದ್ದು, ದುಡ್ಡು ಕೊಡಲು ಸಿದ್ಧನಿರುವ ಪ್ರಯಾಣಿಕನನ್ನು ಇನ್‌ನವನು ಸುಮ್ಮಸುಮ್ಮನೆ ಹಿಂದಕ್ಕೆ ಕಳಿಸುವಂತಿಲ್ಲ. ಊಟಕ್ಕೆ ಹೊತ್ತು ಗೊತ್ತು, ಬೆಲೆ ಗೊತ್ತು. ಒಲೆಯ ಮೇಲೆ ಏನಿದೆಯೋ ಅದನ್ನೇ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ತಿನ್ನಬೇಕು. ಆಯ್ಕೆಯ ಪಟ್ಟಿ ಎಂಬುದು ಆಮೇಲೆ ಬಂದ ಸೌಕರ್ಯ.

1830ರ ನಂತರ ರೈಲು ಬಂತು, ಕುದುರೆಗಾಡಿ ಸತ್ತಿತು, ಇನ್‌ಗಳು ಬಿಕೋ ಎಂದವು. ಅವುಗಳಿಗೆ ಮತ್ತೆ ಜೀವ ಕೊಟ್ಟದ್ದು ಮೋಟಾರು ಕಾರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1716ರಿಂದ ನಡೆದುಬಂದ ವೇಸೈಡ್ ಇನ್ ಎಂಬುದನ್ನು 1923ರಲ್ಲಿ ಕೊಂಡವರು ಬೇರೆ ಯಾರೂ ಅಲ್ಲ, ಕಾರಿನ ಹೆನ್ರಿ ಫೋರ್ಡ್. ಕೊಂಡ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ಒಂದು, ಇನ್‌ನ ಮುಂದೆ ಹಾದುಹೋಗುತ್ತಿದ್ದ ಹೆದ್ದಾರಿಯನ್ನು ದೂರಕ್ಕೆ ತಿರುಗಿಸಿದ್ದು. ಲೋಕಕ್ಕೆಲ್ಲ ಕಾರು ಮಾರಿದವರಿಗೆ ತಮ್ಮ ಊಟದ ಕೋಣೆಯ ಎದುರು ಕಾರಿನ ಸದ್ದು ಬೇಡವಾಯಿತು! ನಮ್ಮ ರೆಸಾರ್ಟ್ ಮಾಲೀಕರಿಗೆ ಈ ಕಥೆ ಹೇಳಬೇಕೆಂದು ನನಗೆ ಆಗಾಗ ಅನಿಸುತ್ತದೆ.

ಕೊಡಗಿಗೆ ರೈಲು ಬರಲೇ ಇಲ್ಲ. ಇವತ್ತಿಗೂ ಇಲ್ಲ. ಆದ್ದರಿಂದ ಇನ್‌ಗಳನ್ನು ಕೊಂದ ಆ ಪೆಟ್ಟು ನಮ್ಮ ರಸ್ತೆಬದಿಯ ಬಂಗಲೆಗಳಿಗೆ ಬೀಳಲಿಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ತೆಗೆದುಕೊಂಡ ಮೇಲೆ ಇಲ್ಲಿಯೂ ಬೇರೆ ಕಡೆಯಂತೆ ಪ್ರಯಾಣಿಕರ ಬಂಗಲೆಗಳ ವ್ಯವಸ್ಥೆ ಬಂತು. ದೇಶದಾದ್ಯಂತ ಇವುಗಳ ಪದ್ಧತಿ ಹೆಚ್ಚು ಕಡಿಮೆ ಒಂದೇ: ಹೆಂಚಿನ ಮಾಡು, ಮುಂದೆ ವರಾಂಡ, ಹಿಂದೆ ಬೇರೆಯಾಗಿ ಕಟ್ಟಿದ ಅಡುಗೆಮನೆ, ಅಡುಗೆ ಮಾಡಲು ಒಬ್ಬ ಖಾನ್ಸಾಮ, ಸಹಿ ಹಾಕಲು ಒಂದು ದಪ್ಪ ಪುಸ್ತಕ. 24 ಗಂಟೆ ಕಳೆದ ಮೇಲೆ ಹೊಸಬರು ಬಂದರೆ ಹಳಬರು ಕೋಣೆ ಬಿಡಬೇಕು.

ಊಟ? ಕೋಳಿ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಈ ಕೋಳಿಗೊಂದು ನಮೂದೇ ಇದೆ. ಬಿಳಿಯರು ಅದಕ್ಕೆ ‘ಹಠಾತ್ ಮರಣ’ ಎಂಬ ಅಡ್ಡಹೆಸರಿಟ್ಟಿದ್ದರು. ಪ್ರಯಾಣಿಕ ಗೇಟಿನೊಳಗೆ ಕಾಲಿಡುವಾಗ ಅಂಗಳದಲ್ಲಿ ಕೋಳಿಯ ಬೆನ್ನಟ್ಟುವ ಓಟ ಶುರು. ಅವನು ಮಿಂದು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅದೇ ಕೋಳಿ ಸೀಳಿ ಸುಟ್ಟ ರೂಪದಲ್ಲಿ ತಟ್ಟೆಯ ಮೇಲೆ. ಅಷ್ಟು ಬೇಗ ಬೆಂದ ನಾಟಿ ಕೋಳಿ ಹೇಗಿದ್ದೀತು ಎಂಬುದನ್ನು ಇಲ್ಲಿರುವ ಅಕ್ಕಂದಿರಿಗೆ ನಾನು ವಿವರಿಸಬೇಕಾಗಿಲ್ಲ. ಹಳೆಯ ಕಾಲದ ಊಟವೆಲ್ಲ ಅಮೃತ ಎಂದು ನಂಬಿದವರು ಈ ಕೋಳಿಯನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಎಸ್ಟೇಟ್ ಬಂಗಲೆ. ಮಡಿಕೇರಿಯಲ್ಲಿ ಫೌಲರ್ ಎಂಬಾತ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದದ್ದು 1854ರಲ್ಲಿ. ಬೆನ್ನಿಗೇ ಉಳಿದವರು ಬಂದರು. ಕಾಡು ಕಡಿದರು, ಗುಡ್ಡದ ನೆತ್ತಿಯಲ್ಲಿ ಬಂಗಲೆ ಕಟ್ಟಿದರು, ಕೆಳಗೆ ಕಣ, ಅದಕ್ಕೂ ಕೆಳಗೆ ಆಳುಗಳ ಲೈನ್ ಮನೆ. ಮೇಲಿನಿಂದ ಕೆಳಗೆ ಹೀಗೆ ಇಳಿಯುವ ಆ ವಿನ್ಯಾಸದಲ್ಲೇ ಯಾರು ಯಾರ ಜೊತೆ ಉಣ್ಣಬೇಕು, ಯಾರು ಉಣ್ಣಬಾರದು ಎಂಬುದು ತೀರ್ಮಾನವಾಗಿಬಿಟ್ಟಿತ್ತು. ಬಂಗಲೆಯ ಮೇಜಿನ ಮೇಲೆ ಸಾಮಾನ್ಯವಾಗಿ ಬರುತ್ತಿದ್ದದ್ದು ಸೂಪು, ರೋಸ್ಟು, ಕಟ್ಲೆಟ್ಟು, ಪುಡ್ಡಿಂಗು. ನಮ್ಮ ಕಡೆಯ ಮೆಣಸಿನ ಸಾರಿಗೆ ಮಾಂಸ ಸೇರಿಸಿ ಅವರು ಮಾಡಿಕೊಂಡ ಮಲ್ಲಿಗಟಾನಿ. ಭಾನುವಾರವಾದರೆ ಕರಿ ಮತ್ತು ಅನ್ನ, ಅದೂ ಅವರ ನಾಲಿಗೆಗೆ ಒಗ್ಗುವ ಹಾಗೆ ತೆಳುವು. ಇದನ್ನೆಲ್ಲ ಮಾಡುತ್ತಿದ್ದವರು ಬಟ್ಲರ್, ಅವರ ಕೈಕೆಳಗಿನ ಮೇಟಿ. ಸೌದೆ ಒಲೆಯ ಮೇಲೆ, ಕೆಂಡ ತುಂಬಿದ ತಗಡಿನ ಡಬ್ಬದೊಳಗೆ ಕೇಕ್ ಬೇಯಿಸಿದವರು ಇವರು. ಆ ಪಾಕವನ್ನು ಕಲಿಸಿದ ದೊರೆಸಾನಿಯ ಹೆಸರು ಎಲ್ಲಾದರೂ ಸಿಕ್ಕೀತು. ಮಾಡಿದ ಬಟ್ಲರನ ಹೆಸರು ಸಂಬಳದ ಪುಸ್ತಕ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಅದೇ ಹೊತ್ತಿಗೆ, ಅದೇ ಮಳೆಯಲ್ಲಿ, ಒಂದೆರಡು ಮೈಲಿ ಆಚೆ, ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಬೇರೆಯೇ ಒಲೆ ಉರಿಯುತ್ತಿತ್ತು. ಕೊಡವರ ಒಕ್ಕಗಳು, ಅಂದರೆ ಮನೆತನಗಳು, ಗದ್ದೆಯ ಅಂಚಿನಲ್ಲಿ ಒಂದೊಂದು ಮನೆಯಾಗಿ ದೂರದೂರ ಹರಡಿಕೊಂಡವು. ಸಾಲುಮನೆಗಳ ಊರು, ನಡುವೆ ಪೇಟೆ, ಪೇಟೆಯಲ್ಲೊಂದು ಛತ್ರ ಎಂಬ ಬಯಲುಸೀಮೆಯ ಕ್ರಮ ಇಲ್ಲಿನದಲ್ಲ. ದಾರಿಹೋಕ ಬಂದರೆ ಕಯ್ಯಾಲೆ ಎಂಬ ಜಗಲಿಯಲ್ಲಿ, ಐಮರ ಎಂಬ ಮರದ ಹಲಗೆಯ ಮೇಲೆ ಕೂರಿಸಿ, ಮೊದಲು ನೀರು, ಆಮೇಲೆ ವಿಚಾರಣೆ, ಆಮೇಲೆ ಊಟ. ಛತ್ರದ ಊಟಕ್ಕೆ ಪುಣ್ಯದ ಲೆಕ್ಕವಿತ್ತು, ಬಂಗಲೆಯ ಊಟಕ್ಕೆ ದುಡ್ಡಿನ ಲೆಕ್ಕವಿತ್ತು. ಐನ್‌ಮನೆಯಲ್ಲಿ ಇದ್ದದ್ದು ಮರ್ಯಾದೆಯ ಲೆಕ್ಕ. ಅದು ಕೆಲವು ಸಲ ದುಡ್ಡಿಗಿಂತ ದುಬಾರಿ. ಎಲ್ಲರಿಗೂ ಒಂದೇ ಎಲೆ ಹಾಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಗದ್ದೆಯಲ್ಲಿ ದುಡಿದ ಯರವ ಬುಡಕಟ್ಟಿನವರು ಎಲ್ಲಿ ಕುಳಿತು ಉಂಡರು ಎಂದು ಕೇಳಿದರೆ ನಮ್ಮ ಹಿರಿಯರೂ ತಲೆ ತಗ್ಗಿಸಬೇಕಾಗುತ್ತದೆ.

ಹೀಗೆ ಎರಡು ಅಡುಗೆಮನೆಗಳು ನೂರು ವರ್ಷಕ್ಕೂ ಮಿಕ್ಕಿ ಅಕ್ಕಪಕ್ಕದಲ್ಲಿದ್ದೂ ಬೇರೆ ಬೇರೆಯಾಗಿಯೇ ಉಳಿದವು. ಬಿಳಿಯರು ಹೋದರು, ತೋಟಗಳನ್ನು ನಮ್ಮವರು ಕೊಂಡರು, ಬಂಗಲೆಯಲ್ಲಿ ನಮ್ಮವರೇ ವಾಸಕ್ಕೆ ಬಂದರು. ಆಗಲೂ ಮುಂದಿನ ಕೋಣೆಯ ದೊಡ್ಡ ಮೇಜು ಬಂದುಹೋಗುವ ಅಧಿಕಾರಿಗಳಿಗೆ. ಮನೆಯವರ ಊಟ ಒಳಗೆ, ಒಲೆಯ ಹತ್ತಿರ.

ಅವುಗಳನ್ನು ಕೂಡಿಸಿದ್ದು ಕಾಫಿಯ ಬೆಲೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕೆಂದು ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. ನಮ್ಮಲ್ಲಿ ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ಕೆಲವು ವರ್ಷ ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡಿತು. ಆಮೇಲೆ 2000ದ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ಬೆಲೆ ನೆಲ ಕಚ್ಚಿತು. ತೋಟದ ಖರ್ಚೂ ಹುಟ್ಟದ ಕಾಲ ಅದು. ಖಾಲಿ ಬಿದ್ದ ಕೋಣೆಗಳು, ಸೋರುವ ಮಾಡು, ಹೊರಗೆ ಗೇಟಿನ ಹತ್ತಿರ ಜಾಗ ಕೇಳಿಕೊಂಡು ನಿಲ್ಲುವ ಬೆಂಗಳೂರಿನ ಕಾರುಗಳು. ಹೋಮ್‌ಸ್ಟೇ ಹುಟ್ಟಿತು. ಬಂದವರಿಗೆ ಏನು ಬಡಿಸುವುದು? ಬಟ್ಲರನಿಂದ ಉಳಿದ ಕಸ್ಟರ್ಡ್ ಇತ್ತು, ಮನೆಯ ಅಕ್ಕಂದಿರ ಕೈಯ ಪಂದಿ ಕರಿ ಇತ್ತು. ಎರಡನ್ನೂ ಇಟ್ಟರು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಒಳಗಿನ ಅಡುಗೆ ಮುಂದಿನ ಕೋಣೆಯ ಮೇಜಿಗೆ ಬಂದದ್ದು ಹೀಗೆ, ಕಷ್ಟದ ಕಾಲದಲ್ಲಿ. ಇದನ್ನು ಮರೆಮಾಚಿ ‘ಬ್ರಿಟಿಷರ ಕಾಲದ ಊಟ’ ಎಂದು ಬೋರ್ಡು ಹಾಕುವುದು ಆ ಅಕ್ಕಂದಿರಿಗೆ ಮಾಡುವ ಅವಮಾನ ಎಂದು ನನಗೆ ಅನಿಸುತ್ತದೆ.

ಸರಿ, ಹೋದಾಗ ಏನು ತಿನ್ನಬೇಕು? ಇದು ಎಲ್ಲರೂ ಕೇಳುವ ಪ್ರಶ್ನೆ. ಪಂದಿ ಕರಿಯಿಂದಲೇ ಶುರು ಮಾಡುತ್ತೇನೆ, ಅದರಲ್ಲೂ ಅದಕ್ಕೆ ಹಾಕುವ ಕಾಚಂಪುಳಿ ಎಂಬ ಹುಳಿರಸದಿಂದ. ಏಕೆಂದರೆ ಅಡುಗೆಮನೆಯ ಪ್ರಾಮಾಣಿಕತೆ ಗೊತ್ತಾಗುವುದು ಅಲ್ಲೇ. ಮಳೆಗಾಲದಲ್ಲಿ ಪನಂಪುಳಿಯ ಹಣ್ಣು ಹಳದಿಯಾಗಿ ಉದುರುತ್ತದೆ. ಅದನ್ನು ಆಯ್ದು ಬುಟ್ಟಿಯಲ್ಲಿ ಪೇರಿಸಿ, ಕೆಳಗೊಂದು ಪಾತ್ರೆ ಇಡುತ್ತಾರೆ. ಹಣ್ಣು ಕೊಳೆಯುತ್ತ ಕೊಳೆಯುತ್ತ ರಸ ತೊಟ್ಟಿಕ್ಕುತ್ತದೆ, ದಿನಗಟ್ಟಲೆ. ನೊಣದ ಕಾಟ, ಹುಳಿ ವಾಸನೆ. ಮನೆಯೊಳಗೆ ಯಾರೂ ಇಟ್ಟುಕೊಳ್ಳುವುದಿಲ್ಲ, ಹಿತ್ತಿಲ ಮಾಡಿನಡಿ ಇಡುತ್ತಾರೆ. ಕೂಡಿದ ರಸವನ್ನು ಸೋಸಿ, ಸಣ್ಣ ಉರಿಯಲ್ಲಿ ಬತ್ತಿಸುತ್ತ ಹೋದರೆ ಕೊಡದಷ್ಟು ರಸ ಬಾಟಲಿಯಷ್ಟಾಗುತ್ತದೆ: ಕಪ್ಪಗೆ, ಕೀಲೆಣ್ಣೆಯಂತೆ ದಪ್ಪಗೆ. ವರ್ಷಗಟ್ಟಲೆ ಕೆಡುವುದಿಲ್ಲ. ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸನ್ನು ಇನ್ನೇನು ಸೀದೇ ಹೋಯಿತು ಎನ್ನುವವರೆಗೆ ಹುರಿದು ಪುಡಿ ಮಾಡಿ, ಚರ್ಮ ಕೊಬ್ಬು ಸಮೇತದ ಮಾಂಸ ಬೆಂದ ಮೇಲೆ ಸೇರಿಸಿ, ಕಟ್ಟಕಡೆಗೆ ಈ ಕಾಚಂಪುಳಿಯನ್ನು ಚಮಚದ ಲೆಕ್ಕದಲ್ಲಿ ಹಾಕುತ್ತಾರೆ. ಕೊಬ್ಬಿನ ಜಿಡ್ಡನ್ನು ಆ ಹುಳಿ ಕತ್ತರಿಸುತ್ತದೆ. ವಿನೆಗರ್ ಸುರಿದು, ಬಣ್ಣಕ್ಕೆ ಮಸಾಲೆ ಹೆಚ್ಚಿಸಿದ ಪಂದಿ ಕರಿ ನೋಡಲು ಅಷ್ಟೇ ಕಪ್ಪಗಿರುತ್ತದೆ. ನಾಲಿಗೆಯ ಮೇಲೆ ಇಟ್ಟರೆ ವಿನೆಗರ್ ಮೂಗಿಗೆ ಮೊದಲು ಹೊಡೆಯುತ್ತದೆ. ಕಾಚಂಪುಳಿಯ ಹುಳಿ ನುಂಗಿದ ಮೇಲೆ, ದವಡೆಯ ಹಿಂದೆ ನಿಧಾನವಾಗಿ ಏಳುತ್ತದೆ.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು, ‘ಕಾಡುಹಂದಿ ಸಿಗುತ್ತದೆ ಎಂದು ಹೇಳುತ್ತಾರಲ್ಲ ಸಾರ್?’ ಎಂದು ಕೇಳಿದರು.)

ಯಾರಾದರೂ ನಿಮ್ಮ ಕಿವಿಯಲ್ಲಿ ಹಾಗೆ ಪಿಸುಗುಟ್ಟಿದರೆ ಎರಡೇ ಸಾಧ್ಯತೆ: ಒಂದೋ ಅದು ಸುಳ್ಳು, ಇಲ್ಲವೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ಬೇರೆ ವಿಷಯ. ಅದು ಹಂದಿಗೆ ಗುರಿಯಿಡಲು ಕೊಟ್ಟ ರಹದಾರಿಯಲ್ಲ. ಈಗ ಎಲ್ಲರೂ ತಿನ್ನುತ್ತಿರುವುದು ಸಾಕಿದ ಹಂದಿ. ಅದನ್ನು ಒಪ್ಪಿಕೊಳ್ಳಲು ಯಾಕೆ ನಾಚಿಕೆಯೋ ನನಗೆ ತಿಳಿಯದು.

ಪಂದಿ ಕರಿಯ ಜೊತೆ ಕಡಂಬುಟ್ಟು. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟದ್ದು. ಕೋಳಿ ಸಾರಿಗೆ ನೂಪುಟ್ಟು, ಅಂದರೆ ಒತ್ತು ಶ್ಯಾವಿಗೆ. ಬೆಳಗಿನ ಹೊತ್ತಾದರೆ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ. ಮಾಂಸ ತಿನ್ನದವರು ಕೊಡಗಿಗೆ ಬಂದು ಪನೀರ್ ಬಟರ್ ಮಸಾಲ ತಿಂದು ಹೋಗುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಬೇಸಗೆಯ ಕೊನೆಯಲ್ಲಿ ಬಂದರೆ ಕಾಡುಮಾವಿನ ಕರಿ ಕೇಳಿ: ಪುಟ್ಟ ಹಣ್ಣುಗಳನ್ನು ಇಡಿಯಾಗಿ ಬೆಲ್ಲ, ಮೆಣಸಿನಲ್ಲಿ ಬೇಯಿಸಿರುತ್ತಾರೆ, ಗೊರಟು ಚೀಪದೆ ತಿನ್ನಲು ಬರುವುದಿಲ್ಲ, ಆದ್ದರಿಂದ ಚಮಚ, ಫೋರ್ಕು ಬದಿಗಿಡಬೇಕು. ಸಾಹೇಬರ ಮೇಜಿನ ಮುಂದೆ ಕುಳಿತು ಕೈಯೆಲ್ಲ ರಸ ಮಾಡಿಕೊಳ್ಳುವ ಸುಖವೇ ಬೇರೆ. ಮಳೆಗಾಲದಲ್ಲಿ ಬೈಂಬಳೆ, ಅಂದರೆ ಎಳೆ ಬಿದಿರಿನ ಕಣಿಲೆ. ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಕಹಿಯನ್ನೂ ವಿಷವನ್ನೂ ತೆಗೆದ ಮೇಲಷ್ಟೇ ಒಲೆಗೆ ಹೋಗುತ್ತದೆ. ಗುಡುಗಿದ ಮೇಲೆ ಏಳುವ ಕುಮ್ಮು, ಅಂದರೆ ಅಣಬೆ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರದ ಹೊತ್ತಿಗೆ, ಮದ್ದುಸೊಪ್ಪಿನ ಪಾಯಸ. ಗಾಢ ನೇರಳೆ ಬಣ್ಣ, ಕಾಡಿನ ಪರಿಮಳ. ಮರುದಿನ ಮೂತ್ರ ಕೆಂಪಾದರೆ ಹೊರಗಿನವರು ಗಾಬರಿಯಾಗಬೇಕಿಲ್ಲ. ಇದನ್ನು ಅತಿಥಿಗಳಿಗೆ ಮುಂಚೆಯೇ ಹೇಳುವುದು ಮನೆಯವರ ಧರ್ಮ. ಹೇಳದೆ ಮಜಾ ನೋಡುವವರೂ ಇದ್ದಾರೆ, ಇರಲಿ.

ಹಬ್ಬಗಳಲ್ಲಿ, ಆಯುಧ ಪೂಜೆಯ ಕೈಲ್ ಪೊಳ್ದ್ ಸೆಪ್ಟೆಂಬರ್ ಮೊದಲ ವಾರದಲ್ಲಿ, ಸುಗ್ಗಿಯ ಪುತ್ತರಿ ನವೆಂಬರ್-ಡಿಸೆಂಬರ್‌ನಲ್ಲಿ. ಪುತ್ತರಿಯ ಸಿಹಿಯಾದ ತಂಬುಟ್ಟನ್ನು ಏಪ್ರಿಲ್‌ನಲ್ಲಿ ಕೇಳುವವರಿಗೆ, ಕೇಳಿದರೆಂದು ಮಾಡಿಕೊಡುವವರಿಗೆ, ಇಬ್ಬರಿಗೂ ನನ್ನ ದೂರಿದೆ. ವರ್ಷವಿಡೀ ಎಲ್ಲವೂ ಸಿಗುವ ಪಟ್ಟಿ ಕಂಡರೆ ಆ ಅಡುಗೆಮನೆಯಲ್ಲಿ ದೊಡ್ಡ ಫ್ರೀಜರ್ ಇದೆ ಎಂದು ತಿಳಿಯಿರಿ. ನನ್ನ ಮಟ್ಟಿಗೆ, ಒಳ್ಳೆಯ ಹಳೆಯ ಬಂಗಲೆಯಲ್ಲಿ ಪಟ್ಟಿಯೇ ಇರುವುದಿಲ್ಲ. ಹಿಂದಿನ ದಿನ ಫೋನ್ ಮಾಡಿದರೆ, ‘ನಾಳೆ ಇದು ಇದೆ, ಇಷ್ಟು ಜನವಾದರೆ ಬನ್ನಿ, ಒಂದೂವರೆಗೆ ಊಟ’ ಎಂದು ಹೇಳುತ್ತಾರೆ. ಇದನ್ನು ಗರ್ವ ಎಂದುಕೊಳ್ಳುವವರಿದ್ದಾರೆ. ಹಳೆಯ ಇಂಗ್ಲಿಷ್ ಇನ್‌ನ ಒಂದೇ ಮೇಜು, ಒಂದೇ ಹೊತ್ತು, ಒಂದೇ ಊಟದ ಕ್ರಮ ನಮ್ಮ ಗುಡ್ಡದ ಮೇಲೆ ಹೀಗೆ ಉಳಿದುಕೊಂಡಿದೆ, ಯಾರನ್ನೂ ಅನುಕರಿಸದೆ, ಸಂತೆಯ ದೂರದಿಂದಾಗಿ.

ಒಂದು ಬಂಗಲೆಯ ಹಿರಿಯ ಅಡುಗೆಯವರ ಜೊತೆ ಒಮ್ಮೆ ಒಲೆಯ ಬಳಿ ನಿಂತಿದ್ದೆ. ಕಸ್ಟರ್ಡ್‌ಗೆ ಸಕ್ಕರೆ ಕರಗಿಸುತ್ತಿದ್ದರು. ಹೊನ್ನಿನ ಬಣ್ಣ ಬಂದಾಗ ನಾನು, ‘ಅಣ್ಣ, ಸಾಕಲ್ಲವೇ?’ ಎಂದೆ. ಅವರು ತಲೆ ಎತ್ತಲಿಲ್ಲ. ಸಕ್ಕರೆ ಕಾಫಿಯ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಹೊಗೆ ಎದ್ದ ಮೇಲೆ ಅಚ್ಚಿಗೆ ಸುರಿದು, ‘ಈಗ ಸ್ವಲ್ಪ ಕಹಿ ಬಂತು. ಇಲ್ಲದಿದ್ದರೆ ಮಕ್ಕಳ ಮಿಠಾಯಿ ಆಗುತ್ತದೆ’ ಎಂದರು. ಪಂದಿ ಕರಿಯ ಮಸಾಲೆಯನ್ನೂ ಅವರು ಅದೇ ಹದಕ್ಕೆ ಹುರಿಯುತ್ತಿದ್ದರು. ಸೀಯುವುದಕ್ಕೆ ಒಂದು ಕ್ಷಣ ಮುಂಚೆ ನಿಲ್ಲಿಸುವ ಆ ಕೈಗೆ ಕಸ್ಟರ್ಡ್ ಯಾವುದು, ಕರಿ ಯಾವುದು ಎಂಬ ಭೇದವಿರಲಿಲ್ಲ. ಎರಡು ಅಡುಗೆಮನೆಗಳ ನೆಂಟಸ್ತನ ನಿಜವಾಗಿ ಎಲ್ಲಾದರೂ ಆಗಿದ್ದರೆ ಇಂಥವರ ಕೈಯಲ್ಲಿ ಆಗಿದೆ. ಇಂಥವರು ಈಗ ವಿರಳ. ಮಾಲೀಕರು ಗೋಡೆಗೆ ಹಳೆಯ ಫೋಟೋ ತೂಗುಹಾಕಲು ತೋರುವ ಆಸಕ್ತಿಯಲ್ಲಿ ಸ್ವಲ್ಪವನ್ನು, ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇವರ ಬಳಿ ಸಂಬಳ ಕೊಟ್ಟು ಕಲಿಯಲು ನಿಲ್ಲಿಸುವುದಕ್ಕೆ ತೋರಿಸಿದರೆ ಚೆನ್ನ.

ಇನ್ನೊಂದು ಮಾತನ್ನು ಹೇಳದಿದ್ದರೆ ನನ್ನ ಗೆಳೆಯರು ಊಟದ ಹೊತ್ತಿಗೆ ಜಗಳಕ್ಕೆ ಬರುತ್ತಾರೆ. ಕೊಡಗಿನ ಊಟ ಎಂದರೆ ಕೊಡವರ ಊಟ ಮಾತ್ರವಲ್ಲ. ಅರೆಭಾಷೆ ಗೌಡರ ಮನೆಗಳಿವೆ, ವಿರಾಜಪೇಟೆಯ ಮಾಪಿಳ್ಳೆಯವರ ಬಿರಿಯಾನಿ ಇದೆ, ಸೋಮವಾರಪೇಟೆ ಕಡೆಯ ಲಿಂಗಾಯತರ ಅಡುಗೆ ಇದೆ, ಕುರುಬರು, ಯರವರು ಕಾಡಿನಿಂದ ತರುವ ಗೆಡ್ಡೆ, ಜೇನು ಇದೆ. ಬಂಗಲೆಗಳ ಮೇಜಿಗೆ ಇವು ಇನ್ನೂ ಬಂದಿಲ್ಲ.

(ಕೊನೆಗೆ ಒಬ್ಬ ತಾಯಿ ಎದ್ದು, ‘ಒಂದು ಊಟಕ್ಕೆ ಅಷ್ಟು ದುಡ್ಡು ಯಾಕೆ ಕೊಡಬೇಕು?’ ಎಂದು ನೇರವಾಗಿ ಕೇಳಿದರು.)

ನ್ಯಾಯವಾದ ಪ್ರಶ್ನೆ, ಅಮ್ಮ. ಮಾಡಿಗೆ ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಗೆದ್ದಲು ಹಿಡಿದ ತೊಲೆ ಬದಲಿಸಲು ಅಂಥ ಮರ ಈಗ ಸಿಗುವುದಿಲ್ಲ. ಮಳೆಗಾಲದಲ್ಲಿ ಜನ ಬರುವುದಿಲ್ಲ, ಆಳಿನ ಸಂಬಳ ನಿಲ್ಲುವುದಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಂಗಳೂರು ರಸ್ತೆ ಮುಚ್ಚಿದಾಗ, ಮನೆ ಗಟ್ಟಿಯಾಗಿ ನಿಂತವರ ಮೇಜುಗಳೂ ಖಾಲಿ ಉಳಿದವು. ಇವೆಲ್ಲ ನಿಮ್ಮ ಬಿಲ್ಲಿನಲ್ಲಿ ಸೇರಿವೆ. ಆದರೆ ಕಡವೆಯ ಕೊಂಬಿಗೂ ಅಗ್ಗಿಷ್ಟಿಕೆಗೂ ನೀವು ದುಡ್ಡು ಕೊಡಬೇಕಾಗಿಲ್ಲ. ಊಟ ಸಪ್ಪೆಯಾಗಿದ್ದರೆ, ಮನೆಗೆ ನೂರಲ್ಲ ಇನ್ನೂರು ವರ್ಷವಾಗಿದ್ದರೂ, ಸಪ್ಪೆ ಎಂದು ಹೇಳಿಯೇ ಎದ್ದು ಬನ್ನಿ.

ಕಾಫಿಯನ್ನು ಮಾತ್ರ ಪರೀಕ್ಷೆ ಮಾಡದೆ ಬಿಡಬೇಡಿ. ಸುತ್ತ ಕಾಫಿ ಗಿಡ, ಅಂಗಳದಲ್ಲಿ ಕಾಫಿ ಒಣಗುತ್ತಿದೆ, ಮೇಜಿಗೆ ಬಂದದ್ದು ಪೊಟ್ಟಣದ ಪುಡಿ. ಹೀಗಾಗುವುದು ನೀವು ಎಣಿಸಿದಷ್ಟು ಅಪರೂಪವಲ್ಲ. ತೋಟದ ಒಳ್ಳೆಯ ಬೀಜ ಹಡಗು ಹತ್ತಿ, ಉಳಿದ ಒಡಕಲು ಮನೆಗೆ ಎಂಬುದು ಹಳೆಯ ರೂಢಿ. ಲೈನ್ ಮನೆಯಲ್ಲಿ ಆ ಒಡಕಲನ್ನೇ ಕುಟ್ಟಿ, ನೀರಿನಲ್ಲಿ ಬೆಲ್ಲದ ಜೊತೆ ಕುದಿಸಿ, ಹಾಲಿಲ್ಲದೆ ಕುಡಿಯುತ್ತಿದ್ದರು, ಈಗಲೂ ಕುಡಿಯುತ್ತಾರೆ. ಊಟ ಮುಗಿದ ಮೇಲೆ ಆ ಬೆಲ್ಲದ ಕಾಫಿ ಬೇಕೆಂದು ಕೇಳಿ. ಎಷ್ಟೋ ಕಡೆ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಹಿಂದಿನ ಒಲೆಯ ಮೇಲೆ ಕೆಲಸದವರಿಗೆಂದು ಮಾಡಿಟ್ಟದ್ದು ಇದ್ದೇ ಇರುತ್ತದೆ. ಅದನ್ನು ಮುಂದಿನ ಕೋಣೆಗೆ ತರಲು ಕೆಲವರು ಹಿಂಜರಿಯುತ್ತಾರೆ. ಸ್ವಲ್ಪ ಒತ್ತಾಯ ಮಾಡಬೇಕು.

ನಮ್ಮ ಊಟಕ್ಕೂ ಕರೆ ಬಂದಂತಿದೆ. ಉಳಿದ ಪ್ರಶ್ನೆಗಳನ್ನು ಅಲ್ಲೇ ಕೇಳಿ.